ಘಟ್ಟದ ಮೇಲೆ, ಘಟ್ಟದ ಕೆಳಗೆ: ಹೊಸೂರು ಸೀಮೆಯ ಹಬ್ಬಗಳ ಚರಿತ್ರೆ

ತಮಿಳುನಾಡಿನ ವಾಯವ್ಯ ಅಂಚಿನಲ್ಲಿರುವ ಕೃಷ್ಣಗಿರಿ ಜಿಲ್ಲೆ 2004ರ ಫೆಬ್ರವರಿ 9ರಂದು ಧರ್ಮಪುರಿಯಿಂದ ಬೇರ್ಪಟ್ಟು ಒಂದು ಆಡಳಿತ ಘಟಕವಾಯಿತಾದರೂ, ನೆಲದ ಏರಿಳಿತದಿಂದಲೂ ಚರಿತ್ರೆಯಿಂದಲೂ ಅದು ಎರಡು ಸೀಮೆಗಳ ಕೂಡಿಕೆ. ಹೊಸೂರು, ದೇಂಕಣಿಕೋಟೆ, ಕೆಲಮಂಗಲ, ತಳಿ, ಬಾಗಲೂರು ಮುಂತಾದ ಊರುಗಳಿರುವ ಪಶ್ಚಿಮ ಭಾಗವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಬೆಂಗಳೂರು ಪ್ರಸ್ಥಭೂಮಿಯ ಮುಂದುವರಿಕೆಯಂತಿದೆ. ಕೃಷ್ಣಗಿರಿ, ಬರ್ಗೂರು, ಕಾವೇರಿಪಟ್ಟಣಗಳಿರುವ ಪೂರ್ವ ಭಾಗವು ಘಟ್ಟವಿಳಿದ ಮೇಲೆ ಸಿಗುವ ಬಯಲಾಗಿದ್ದು, ಹಿಂದೆ ಬಾರಾಮಹಲ್, ಅಂದರೆ ಹನ್ನೆರಡು ಕೋಟೆಗಳ ಸೀಮೆ, ಎನಿಸಿಕೊಂಡಿತ್ತು. ಇಲ್ಲಿನ ವಾರ್ಷಿಕ ಹಬ್ಬಗಳು ಯಾವ ಪಂಚಾಂಗದಂತೆ ನಡೆಯುತ್ತವೆ, ಯಾರ ಖರ್ಚಿನಲ್ಲಿ ನಡೆಯುತ್ತವೆ, ಅವುಗಳಿಗೆ ಎಲ್ಲೆಲ್ಲಿಂದ ಜನ ಬರುತ್ತಾರೆ ಎಂಬುದನ್ನು ಕೂಡಿಸಿ ನೋಡಿದರೆ, ಹಬ್ಬಗಳ ಮಟ್ಟಿಗೆ ಅತ್ತಿಬೆಲೆಯ ಬಳಿಯ ರಾಜ್ಯದ ಗಡಿಗಿಂತ ಈ ಘಟ್ಟದ ಅಂಚೇ ಹೆಚ್ಚು ಗಟ್ಟಿಯಾದ ಗೆರೆಯೆಂಬುದು ತಿಳಿಯುತ್ತದೆ.

ಈ ಎರಡು ಸೀಮೆಗಳು ಬ್ರಿಟಿಷರ ಕೈಸೇರಿದ್ದೂ ಒಂದೇ ಸಲಕ್ಕಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೊ ಅಲ್ಲಿನ ಭೂಮಿಯನ್ನು ಅಳೆದು ಕಂದಾಯ ಗೊತ್ತುಮಾಡಿದರು. ಘಟ್ಟದ ಮೇಲಿನ ಹೊಸೂರು ಭಾಗ ಮಾತ್ರ ಇನ್ನೂ ಏಳು ವರ್ಷ ಮೈಸೂರಿನಲ್ಲೇ ಉಳಿದು, 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕಂಪನಿಗೆ ಸೇರಿತು. ಬಾಲಾಘಾಟ್, ಅಂದರೆ ಘಟ್ಟದ ಮೇಲಿನದು, ಎಂಬ ಹೆಸರಿನಿಂದ ಅದನ್ನು ಸೇಲಂ ಜಿಲ್ಲೆಯೊಳಗೆ ಬೇರೆಯಾಗಿಯೇ ಗುರುತಿಸಲಾಗುತ್ತಿತ್ತು. ಆ ಹೊತ್ತಿಗೆ ಈ ನೆಲದ ಗುಡಿಗಳೂ ಜಾತ್ರೆಗಳೂ ಶತಮಾನಗಳಷ್ಟು ಹಳೆಯವಾಗಿದ್ದವು.

ಹೊಸೂರಿನ ವಾರ್ಷಿಕ ಹಬ್ಬಗಳಲ್ಲಿ ಮೊದಲನೆಯದು ಚಂದ್ರಚೂಡೇಶ್ವರಸ್ವಾಮಿಯ ತೇರು. ಊರಿನ ಬದಿಯ ಬೆಟ್ಟದ ಮೇಲಿರುವ ಈ ಶಿವಾಲಯದ ದೇವರನ್ನು ತಮಿಳು ಶಾಸನಗಳು ಸೆವಿಡೈ ನಾಯನಾರ್ ಎಂದೂ ಊರನ್ನು ಸೆವಿಡಪಾಡಿ ಎಂದೂ ಕರೆಯುತ್ತವೆ. ಅದು ಸೇರಿದ್ದ ನಾಡು ಮುರಸು ನಾಡು, ಕನ್ನಡದಲ್ಲಿ ಮೊರಸುನಾಡು. ಬೆಂಗಳೂರಿನ ಪೂರ್ವ ಭಾಗ, ಕೋಲಾರ ಮತ್ತು ಹೊಸೂರನ್ನು ಒಳಗೊಂಡಿದ್ದ ಈ ಪ್ರಾಚೀನ ವಿಭಾಗದ ಹೆಸರನ್ನು ಮೊರಸು ಒಕ್ಕಲಿಗರು ಇಂದಿಗೂ ತಮ್ಮ ಸಮುದಾಯದ ಹೆಸರಿನಲ್ಲಿ ಉಳಿಸಿಕೊಂಡಿದ್ದಾರೆ. ಚೋಳರ ಆಳ್ವಿಕೆಯ ನಂತರ ಈ ಪ್ರದೇಶ ಹೊಯ್ಸಳರ ಕೈಗೆ ಬಂದು, ಸೋಮೇಶ್ವರನ ಮಗನಾದ ರಾಮನಾಥನು 13ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಾವೇರಿ ತೀರದ ಕಣ್ಣನೂರನ್ನು ಬಿಟ್ಟು ಘಟ್ಟದ ಸೆರಗಿನ ಕುಂದಾಣಿಯನ್ನು ತನ್ನ ನೆಲೆಯಾಗಿ ಮಾಡಿಕೊಂಡನು. ಇಂದು ಚಿನ್ನಕೊತ್ತೂರು ಎಂಬ ಹಳ್ಳಿಯಿರುವ ಆ ಜಾಗ ಒಂದು ಕಾಲಕ್ಕೆ ಹೊಯ್ಸಳ ರಾಜಧಾನಿಯಾಗಿತ್ತೆಂಬುದನ್ನು ನೆನಪಿಟ್ಟವರು ಕಡಿಮೆ. ವಿಜಯನಗರದ ಕಾಲದ ನಂತರ ಜಗದೇವರಾಯನ ಮನೆತನ, ಅಲ್ಲಲ್ಲಿ ಸ್ಥಳೀಯ ಪಾಳೆಯಗಾರರು, ಆಮೇಲೆ ಮೈಸೂರಿನ ಒಡೆಯರು ಮತ್ತು ಹೈದರ್ ಅಲಿ ಹೀಗೆ ಒಡೆತನ ಕೈಯಿಂದ ಕೈಗೆ ದಾಟಿತು.

ಬೆಟ್ಟದ ಸ್ಥಳಪುರಾಣದ ಪ್ರಕಾರ ಶಿವನು ಹೊಳೆಯುವ ಉಡದ ರೂಪದಲ್ಲಿ ಈ ಕಾಡಿಗೆ ಬಂದನು; ಅದನ್ನು ಬೆನ್ನಟ್ಟಿ ಬಂದ ಪಾರ್ವತಿಯು ಮುಟ್ಟಿದೊಡನೆ ಅವಳ ಮೈ ಪಚ್ಚೆಯ ಬಣ್ಣಕ್ಕೆ ತಿರುಗಿ, ಅವಳಿಗೆ ಮರಕತಾಂಬಿಕೆ ಎಂಬ ಹೆಸರಾಯಿತು. ಕಲ್ಲುಬಂಡೆ ಮತ್ತು ಕುರುಚಲು ಕಾಡಿನ ಈ ನೆಲದಲ್ಲಿ ಉಡವು ಬೇಟೆಗಾರರಿಗೆ ಚೆನ್ನಾಗಿ ಗೊತ್ತಿದ್ದ ಪ್ರಾಣಿಯಾದುದರಿಂದ, ಬೇಡರೋ ಕುರುಬರೋ ಪೂಜಿಸುತ್ತಿದ್ದ ಹಳೆಯ ಬೆಟ್ಟದ ದೇವರೊಂದು ಮುಂದೆ ಆಗಮದ ಶಿವನಾಗಿರಬಹುದೆಂಬ ಊಹೆಗೆ ಇಲ್ಲಿ ಎಡೆಯಿದೆ. ದೇಂಕಣಿಕೋಟೆಯ ಪ್ರಧಾನ ದೇವರಾದ ಬೇಟರಾಯಸ್ವಾಮಿಯೂ ಬೇಟೆಗಾರನ ರೂಪ ತಾಳಿದ ವಿಷ್ಣುವೇ ಆಗಿರುವುದು ಈ ಊಹೆಗೆ ಇನ್ನಷ್ಟು ಬಲ ಕೊಡುತ್ತದೆ. ಶೈವ, ವೈಷ್ಣವ ಎರಡೂ ಕಡೆಗಳಲ್ಲಿ ಕಾಡಿನ ನೆನಪು ದೇವರ ಕಥೆಯೊಳಗೆ ಹೀಗೆ ಉಳಿದುಕೊಂಡಿದೆ.

ಹೊಸೂರಿನ ತೇರು ಯಾವ ದಿನ ಎಳೆಯಬೇಕೆಂಬ ಪ್ರಶ್ನೆಯಲ್ಲೇ ಈ ಸೀಮೆಯ ಚರಿತ್ರೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ತಮಿಳರ ಪಂಚಾಂಗ ಸೌರಮಾನದ್ದು: ಸೂರ್ಯನು ಒಂದು ರಾಶಿಯನ್ನು ಪ್ರವೇಶಿಸಿದಂದಿನಿಂದ ತಿಂಗಳು ಆರಂಭವಾಗುವುದರಿಂದ ಅವರ ಚಿತ್ತಿರೈ ಪ್ರತಿವರ್ಷ ಏಪ್ರಿಲ್ 14ರ ಆಸುಪಾಸಿನಲ್ಲೇ ಹುಟ್ಟುತ್ತದೆ. ಕನ್ನಡಿಗರ ಮತ್ತು ತೆಲುಗರ ಪಂಚಾಂಗ ಚಾಂದ್ರಮಾನದ್ದು: ಅಮಾವಾಸ್ಯೆಯ ಮರುದಿನ ತಿಂಗಳು ಆರಂಭವಾಗಿ, ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾಗಿರುವ ಕಾರಣ, ಸರಿಸುಮಾರು ಎರಡೂವರೆ ವರ್ಷಕ್ಕೊಮ್ಮೆ ಒಂದು ಅಧಿಕ ಮಾಸವನ್ನು ಸೇರಿಸಿ ಎರಡನ್ನೂ ಸರಿದೂಗಿಸಲಾಗುತ್ತದೆ. ಚಂದ್ರಚೂಡೇಶ್ವರನ ತೇರು ಫಾಲ್ಗುಣ ಮಾಸದ ಹುಣ್ಣಿಮೆಯ ಹೊತ್ತಿಗೆ, ಅಂದರೆ ಬಯಲುಸೀಮೆಯಲ್ಲಿ ಕಾಮನನ್ನು ಸುಡುವ ದಿನಗಳಲ್ಲಿ, ಹೊರಡುತ್ತದೆ. ಈ ಹುಣ್ಣಿಮೆ ತಮಿಳು ಲೆಕ್ಕದಲ್ಲಿ ಒಂದೇ ತಿಂಗಳಿಗೆ ಬೀಳುವುದಿಲ್ಲ: 2023ರಲ್ಲಿ ಅದು ಮಾರ್ಚ್ 7ಕ್ಕೆ ಬಂದಾಗ ತಮಿಳರಿಗೆ ಇನ್ನೂ ಮಾಸಿ ತಿಂಗಳು ನಡೆದಿತ್ತು, ತಮಿಳುನಾಡಿನ ಶಿವಾಲಯಗಳಲ್ಲಿ ವಿಶೇಷವಾದ ಪಂಗುನಿ ಉತ್ತಿರಂ ಉತ್ಸವಕ್ಕೆ ಏಪ್ರಿಲ್ 5ರವರೆಗೆ ಕಾಯಬೇಕಾಗಿತ್ತು, 2024ರಲ್ಲಾದರೋ ಮಾರ್ಚ್ 25ರಂದು ಎರಡೂ ಒಂದೇ ದಿನ ಕೂಡಿಬಂದವು. ತೇರು ಹುಣ್ಣಿಮೆಯನ್ನು ಹಿಂಬಾಲಿಸುತ್ತದೆಯೇ ಹೊರತು ಪಂಗುನಿಯನ್ನಲ್ಲ. ಶಾಸನಗಳು ತಮಿಳಿನಲ್ಲಿವೆ, ಆಡಳಿತದ ಕಡತ ತಮಿಳಿನಲ್ಲಿದೆ, ದೇವರ ದಿನ ಮಾತ್ರ ಕನ್ನಡ ಮತ್ತು ತೆಲುಗು ಮನೆಗಳ ಪಂಚಾಂಗದಲ್ಲಿದೆ.

ಈ ಹುಣ್ಣಿಮೆಯ ಆಯ್ಕೆಯ ಹಿಂದೆ ಹೊಲದ ಲೆಕ್ಕವೂ ಇದೆ. ಘಟ್ಟದ ಮೇಲಿನ ಮುಖ್ಯ ಬೆಳೆ ರಾಗಿ; ಆಷಾಢದ ಮಳೆಗೆ ಬಿತ್ತಿ, ಕಾರ್ತಿಕ ಮಾರ್ಗಶಿರಗಳಲ್ಲಿ ಕೊಯ್ದು, ಸಂಕ್ರಾಂತಿಯ ಹಿಂದುಮುಂದು ಕಣದಲ್ಲಿ ತುಳಿಸಿ, ತೂರಿ ಒಟ್ಟುಮಾಡಿದ ಮೇಲೆ ರೈತನ ಮನೆಯಲ್ಲಿ ಧಾನ್ಯವೂ ಎತ್ತುಗಳಿಗೆ ಬಿಡುವೂ ಇರುವ ಕಾಲವೆಂದರೆ ಮಾಘ ಮತ್ತು ಫಾಲ್ಗುಣ. ಗಾಡಿ ಕಟ್ಟಿಕೊಂಡು ಎರಡು ದಿನದ ದಾರಿ ಬರಲು ಅನುಕೂಲವಾದ ಬೆಳದಿಂಗಳೂ ಆಗಲೇ ಸಿಗುತ್ತಿತ್ತು. ಆನೇಕಲ್, ಸರ್ಜಾಪುರ, ಮಾಲೂರು ಕಡೆಯ ಒಕ್ಕಲು ಮನೆಗಳಿಗೆ ಹೊಸೂರಿನ ತೇರು ನೆಂಟರ ಊರಿನ ಹಬ್ಬದಂತೆ ಉಳಿದುಬಂದುದಕ್ಕೆ ಭಕ್ತಿಯೊಂದನ್ನೇ ಕಾರಣವಾಗಿ ಹೇಳುವುದು ಸಾಲದು; ಹೆಣ್ಣು ಕೊಟ್ಟು ತಂದ ಸಂಬಂಧಗಳು ಘಟ್ಟದ ಮೇಲೇ ಹರಡಿದ್ದವು, ಘಟ್ಟವಿಳಿದು ಹೋದದ್ದು ಕಡಿಮೆ.

ಉತ್ಸವದ ಕ್ರಮ ಆಗಮಗಳು ವಿಧಿಸಿದಂತೆಯೇ ಸಾಗುತ್ತದೆ. ಧ್ವಜಾರೋಹಣ, ಅಂದರೆ ನಂದಿಯ ಚಿತ್ರವಿರುವ ಬಟ್ಟೆಯನ್ನು ಕಂಬಕ್ಕೇರಿಸಿ ಉತ್ಸವ ಸಾರುವುದು, ಆಮೇಲೆ ದಿನಕ್ಕೊಂದು ವಾಹನದ ಮೇಲೆ ಉತ್ಸವಮೂರ್ತಿಯ ಮೆರವಣಿಗೆ, ಶಿವಪಾರ್ವತಿಯರ ಕಲ್ಯಾಣ, ಕೊನೆಗೆ ರಥ. ಮೂಲವಿಗ್ರಹ ಬೆಟ್ಟದ ಮೇಲಿದ್ದರೂ ತೇರು ಹರಿಯುವುದು ಬುಡದಲ್ಲಿ, ತೇರುಪೇಟೆ ಎಂದೇ ಹೆಸರಾದ ಬಡಾವಣೆಯ ಬೀದಿಗಳಲ್ಲಿ. ತೇರಿನ ಮರುದಿನಗಳಲ್ಲಿ ನಡೆಯುವ ಪಲ್ಲಕ್ಕಿ ಉತ್ಸವ ಘಟ್ಟದ ಮೇಲಿನ ಸೀಮೆಯ ವಿಶೇಷ: ಹೂವಿನಿಂದಲೂ ದೀಪಗಳಿಂದಲೂ ಸಿಂಗರಿಸಿದ ಹಲವು ದೇವರ ಪಲ್ಲಕ್ಕಿಗಳು ರಾತ್ರಿಯಿಡೀ ಸಾಲಾಗಿ ಸಾಗುತ್ತವೆ. ಕೋಲಾರ, ಬೆಂಗಳೂರು ಜಿಲ್ಲೆಗಳಲ್ಲಿಯೂ ಹೂವಿನ ಪಲ್ಲಕ್ಕಿಯಿಲ್ಲದೆ ಊರಹಬ್ಬ ಪೂರ್ಣವಾಗುವುದಿಲ್ಲವಾದ್ದರಿಂದ, ಹೊಸೂರಿನ ಪಲ್ಲಕ್ಕಿಗಳನ್ನು ಕಂಡ ಆ ಕಡೆಯವರಿಗೆ ಅದು ಪರಸ್ಥಳದ ಹಬ್ಬವೆನಿಸದು.

ಇಂಥ ಉತ್ಸವದ ಖರ್ಚನ್ನು ಒಬ್ಬನೇ ಹೊರುವುದು ಹಿಂದೆಯೂ ಸಾಧ್ಯವಿರಲಿಲ್ಲ. ಒಂದೊಂದು ದಿನದ ಸೇವೆಯನ್ನು ಒಂದೊಂದು ಜಾತಿಯವರೋ, ವೃತ್ತಿಯವರೋ, ಮನೆತನದವರೋ ವಹಿಸಿಕೊಳ್ಳುವ ವ್ಯವಸ್ಥೆಗೆ ದಕ್ಷಿಣದ ಗುಡಿಗಳಲ್ಲಿ ಉಭಯ ಎನ್ನುತ್ತಾರೆ, ವಹಿಸಿಕೊಂಡವರು ಉಭಯದಾರರು. ಇದರ ಜೊತೆಗೆ ಇನಾಂ ಭೂಮಿಯ, ಅಂದರೆ ಕಂದಾಯ ಮಾಫಿ ಮಾಡಿ ಗುಡಿಗೆ ಬಿಟ್ಟ ಹೊಲಗದ್ದೆಗಳ, ಉತ್ಪನ್ನವಿರುತ್ತಿತ್ತು. ಭೂಮಿ ಸರ್ಕಾರದ ವಶಕ್ಕೆ ಹೋದ ಕಡೆ ಅದಕ್ಕೆ ಬದಲಾಗಿ ಕೊಡುವ ವಾರ್ಷಿಕ ನಗದಿಗೆ ತಸ್ತೀಕು ಎಂದು ಹೆಸರು. ಬೆಲೆಗಳು ಏರಿದಂತೆಲ್ಲ ತಸ್ತೀಕಿನ ಮೊತ್ತ ಹಾಗೆಯೇ ನಿಂತಿದ್ದರಿಂದ ಸಣ್ಣ ಗುಡಿಗಳು ಬಡವಾದವು. ದೊಡ್ಡ ಗುಡಿಗಳು ಉಭಯದಾರರ ಬಲದಿಂದ ಉಳಿದುಕೊಂಡವು. ಮದರಾಸು ಸರ್ಕಾರ 1817ರ 7ನೆಯ ನಿಬಂಧನೆಯ ಮೂಲಕ ಗುಡಿಗಳ ಆಸ್ತಿಯ ಮೇಲ್ವಿಚಾರಣೆಯನ್ನು ಕಂದಾಯ ಮಂಡಳಿಗೆ ವಹಿಸಿ, ಕ್ರೈಸ್ತ ಪಾದ್ರಿಗಳ ಆಕ್ಷೇಪದ ಕಾರಣದಿಂದ 1840ರ ದಶಕದಲ್ಲಿ ಹಿಂದೆ ಸರಿದು, 1863ರ ಕಾನೂನಿನಿಂದ ಅದನ್ನು ಸ್ಥಳೀಯ ಸಮಿತಿಗಳಿಗೆ ಬಿಟ್ಟುಕೊಟ್ಟಿತು. 20ನೆಯ ಶತಮಾನದಲ್ಲಿ ಮತ್ತೆ ಹಿಡಿತ ಬಿಗಿಯಾಗಿ, 1959ರ ತಮಿಳುನಾಡು ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯ ಕೆಳಗೆ ಇಂದಿನ ವ್ಯವಸ್ಥೆ ನೆಲೆಗೊಂಡಿತು. ಮೈಸೂರಿನಲ್ಲಿಯೇ ಉಳಿದಿದ್ದರೆ ಇದೇ ಗುಡಿ ಮುಜರಾಯಿ ಇಲಾಖೆಗೆ ಸೇರುತ್ತಿತ್ತು. ಹಬ್ಬದ ಸ್ವರೂಪದಲ್ಲಿ ಇದರಿಂದ ಹೆಚ್ಚಿನ ವ್ಯತ್ಯಾಸವಾಗುತ್ತಿತ್ತೆಂದು ತೋರುವುದಿಲ್ಲ.

ಉಭಯದಂಥ ಏರ್ಪಾಡು ಭಾರತದ್ದೇ ವಿಶೇಷವೆಂದು ಭಾವಿಸಬೇಕಾಗಿಲ್ಲ. ಮೆಕ್ಸಿಕೊದ ಊರುಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಪಾಲಕ ಸಂತನಿದ್ದು, 16ನೆಯ ಶತಮಾನದಲ್ಲಿ ಸ್ಪೇನಿನ ಸನ್ಯಾಸಿಗಳು ನೆಲೆಗೊಳಿಸಿದ ಆ ಸಂತನ ವಾರ್ಷಿಕ ಉತ್ಸವವನ್ನು ಮಯೊರ್ದೋಮೊ ಎಂಬ ಹೊಣೆಗಾರನು ಒಂದು ವರ್ಷದ ಮಟ್ಟಿಗೆ ವಹಿಸಿಕೊಂಡು, ಮೇಣದ ಬತ್ತಿ, ಬಾಜಾಬಜಂತ್ರಿ, ಊಟ, ಬಾಣಬಿರುಸುಗಳಿಗೆ ತನ್ನ ಕೈಯಿಂದ ಹಣ ಹಾಕಿ, ವರ್ಷಾಂತ್ಯದಲ್ಲಿ ಮತ್ತೊಬ್ಬನಿಗೆ ವಹಿಸಿಕೊಡುತ್ತಾನೆ. ಹಣ ಕರಗಿದಷ್ಟೂ ಊರಿನಲ್ಲಿ ಅವನ ಮಾತಿಗೆ ತೂಕ ಹೆಚ್ಚುತ್ತದೆ. ಅಲ್ಲಿ ಹೊಣೆ ವರ್ಷಕ್ಕೊಬ್ಬನಿಗೆ ದಾಟುತ್ತದೆ. ಹೊಸೂರಿನ ಕಡೆ ಒಮ್ಮೆ ಸಿಕ್ಕ ಉಭಯ ತಲೆಮಾರುಗಳವರೆಗೆ ಅದೇ ಮನೆ ಅಥವಾ ಜಾತಿಯ ಹಕ್ಕಾಗಿಬಿಡುತ್ತದೆ, ಆದ್ದರಿಂದ ಇಲ್ಲಿನ ವ್ಯಾಜ್ಯಗಳೂ ದೀರ್ಘಾಯುಗಳು. ಯಾರ ಪಲ್ಲಕ್ಕಿ ಮುಂದೆ, ಯಾರಿಗೆ ಮೊದಲ ತಾಂಬೂಲ ಎಂಬ ಜಗಳಗಳು ಮದರಾಸು ಪ್ರಾಂತ್ಯದುದ್ದಕ್ಕೂ ನ್ಯಾಯಾಲಯದ ಮೆಟ್ಟಿಲೇರಿದ್ದು ಇದೇ ಕಾರಣಕ್ಕೆ.

ತಳಿ ಮತ್ತು ದೇಂಕಣಿಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಕನ್ನಡದ ಬೇರು ಇನ್ನೂ ಆಳವಾಗಿದೆ. ತಳಿಯ ಬಳಿಯ ಗುಮ್ಮಳಾಪುರವು ಶೂನ್ಯಸಂಪಾದನೆಯ ಪರಿಷ್ಕರಣಗಳಲ್ಲಿ ಒಂದನ್ನು ಸಿದ್ಧಪಡಿಸಿದ ಸಿದ್ಧಲಿಂಗಯತಿಯ ಹೆಸರಿನೊಡನೆ ಬೆಸೆದ ಊರು. ಅಲ್ಲಮನ ಸಂವಾದಗಳನ್ನು ಕೇಂದ್ರದಲ್ಲಿಟ್ಟು ವಚನಗಳನ್ನು ಹೆಣೆದ ಆ ಮಹತ್ವದ ಕೃತಿಯ ಚರಿತ್ರೆಯಲ್ಲಿ ಇಂದು ರಾಜ್ಯದ ಹೊರಗಿರುವ ಒಂದು ಹಳ್ಳಿಗೂ ಪಾಲಿದೆ. ಅದೇ ಊರಿನ ಗೌರಮ್ಮನ ಜಾತ್ರೆಗೆ ಆನೇಕಲ್ ಮತ್ತು ಬೆಂಗಳೂರಿನ ಕಡೆಯಿಂದ ಜನ ಬರುತ್ತಾರೆ. ಗೌರಿಯನ್ನು ತವರಿಗೆ ಬಂದ ಮಗಳಂತೆ ಕೂರಿಸಿ, ಬಾಗಿನ ಕೊಟ್ಟು ಕಳುಹಿಸುವ ಹಳೆ ಮೈಸೂರಿನ ಪದ್ಧತಿ ತಮಿಳು ಬಯಲಿನಲ್ಲಿ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಕನ್ನಡವಾಡುವ ಕುರುಬರ ಹಬ್ಬಗಳು ಮತ್ತೊಂದು ಬಗೆಯವು. ಬೀರೇಶ್ವರ ಅಥವಾ ವೀರಭದ್ರನನ್ನು ಕುಲದೇವರಾಗಿ ಪೂಜಿಸುವ ಈ ಸಮುದಾಯದ ಬೇರೆ ಬೇರೆ ಬೆಡಗಿನವರು, ಅಂದರೆ ಒಂದೇ ಮೂಲಪುರುಷನ ಸಂತತಿಯೆಂದು ನಂಬುವ ಗುಂಪಿನವರು, ತಮ್ಮ ಮೂಲ ಊರಿನಲ್ಲಿ ಸೇರಿ ನಡೆಸುವ ಹಬ್ಬದಲ್ಲಿ ಡೊಳ್ಳಿನ ಕುಣಿತದೊಡನೆ, ಸಾಲಾಗಿ ಕುಳಿತ ಹರಕೆಯವರ ತಲೆಯ ಮೇಲೆ ಪೂಜಾರಿ ತೆಂಗಿನಕಾಯಿ ಒಡೆಯುವ ಪದ್ಧತಿಯಿದೆ. ವೈದ್ಯರ ಎಚ್ಚರಿಕೆ, ಪತ್ರಿಕೆಗಳ ಚಿತ್ರ, ಅಧಿಕಾರಿಗಳ ಬುದ್ಧಿವಾದ ಯಾವುದರಿಂದಲೂ ಅದು ನಿಂತಿಲ್ಲ. ಬೀರದೇವರ ಈ ಹಬ್ಬಗಳಲ್ಲಿ ಹಾಡು, ಹರಕೆ, ಬೈಗುಳ ಮೂರೂ ಕನ್ನಡದಲ್ಲೇ ನಡೆಯುತ್ತವೆಂಬುದು ಭಾಷೆಯ ಚರಿತ್ರಕಾರರು ಗಮನಿಸಬೇಕಾದ ಸಂಗತಿ. ಶಾಲೆ ಕೈಬಿಟ್ಟ ನುಡಿಯನ್ನು ಇಲ್ಲಿ ಹಬ್ಬ ಹಿಡಿದಿಟ್ಟಿದೆ.

ಕೆಲಮಂಗಲದ ಪಟ್ಟಾಳಮ್ಮ, ಊರೂರಿನ ಮಾರಮ್ಮ ಮಾರಿಯಮ್ಮಂದಿರ ಹಬ್ಬಗಳಲ್ಲಿ ಘಟ್ಟದ ಗೆರೆ ತುಸು ಮಸುಕಾಗುತ್ತದೆ. ಹೆಂಗಸರು ಅಕ್ಕಿಹಿಟ್ಟು ಬೆಲ್ಲ ಕಲಸಿ ತಂಬಿಟ್ಟಿನ ಆರತಿ ಮಾಡಿ, ನಡುವಿನ ಗುಳಿಯಲ್ಲಿ ತುಪ್ಪದ ಬತ್ತಿ ಹಚ್ಚಿ, ತಲೆಯ ಮೇಲೆ ಹೊತ್ತು ಗುಡಿಗೆ ನಡೆಯುವುದು ಹೊಸೂರಿನಲ್ಲೂ ಉಂಟು, ಕೃಷ್ಣಗಿರಿಯಲ್ಲೂ ಉಂಟು; ತಮಿಳರು ಅದನ್ನು ಮಾವಿಳಕ್ಕು ಎನ್ನುತ್ತಾರೆ. ಸಿಡುಬು, ಕಾಲರಾ, ಪ್ಲೇಗುಗಳ ಭಯದಿಂದ ಬೆಳೆದ ಈ ದೇವತೆಗಳಿಗೆ ಪಂಚಾಂಗದ ಕಟ್ಟು ಸಡಿಲ. ಊರಿನವರು ಕೂತು ದಿನ ಗೊತ್ತುಮಾಡಿ ಸಾರುಹಾಕಿದರೆ ಅದೇ ಮುಹೂರ್ತ.

ಘಟ್ಟ ಇಳಿದರೆ ಹಬ್ಬದ ಬಣ್ಣವೇ ಬೇರೆ. ಕೃಷ್ಣಗಿರಿ, ಬರ್ಗೂರು, ಕಾವೇರಿಪಟ್ಟಣದ ಸುತ್ತ ಧರ್ಮರಾಜ ಮತ್ತು ದ್ರೌಪದಿಯ ಗುಡಿಗಳಲ್ಲಿ ಬೇಸಿಗೆಯ ಹೊತ್ತಿಗೆ ಭಾರತದ ಹಬ್ಬ ನಡೆಯುತ್ತದೆ: ಹಗಲು ಪ್ರವಚನಕಾರನಿಂದ ಮಹಾಭಾರತದ ಕಥನ, ರಾತ್ರಿ ತೆರುಕ್ಕೂತ್ತು ಎಂಬ ಬಯಲಾಟ, ಅರ್ಜುನನ ವೇಷಧಾರಿ ಎತ್ತರದ ಕಂಬವೇರಿ ತಪಸ್ಸು ಮಾಡುವ ದಿನ, ಕೊನೆಗೆ ಬಯಲಿನಲ್ಲಿ ಮಣ್ಣಿನಿಂದ ಮಾಡಿ ಮಲಗಿಸಿದ ದೈತ್ಯಗಾತ್ರದ ದುರ್ಯೋಧನನ ತೊಡೆ ಮುರಿಯುವ ಪಡುಕಳಂ ಮತ್ತು ಕೆಂಡ ಹಾಯುವುದು. ದ್ರೌಪದಿಯ ಆರಾಧನೆ ಘಟ್ಟವನ್ನು ಏರಿ ಬಂದದ್ದೂ ಉಂಟು. ತಿಗಳರ ಮೂಲಕ ಬೆಂಗಳೂರು, ಆನೇಕಲ್‌ಗಳಲ್ಲಿ ಅದು ಕರಗವಾಗಿ ರೂಪಾಂತರ ಹೊಂದಿತು. ಕೆಳಗೆ ನಾಟಕಕ್ಕೆ ಪ್ರಾಧಾನ್ಯ, ಮೇಲೆ ಹೂವಿನ ಕರಗ ಹೊತ್ತ ಒಬ್ಬನ ಓಟಕ್ಕೆ ಪ್ರಾಧಾನ್ಯ. ಬೆಂಗಳೂರಿನ ಕರಗವು ಚೈತ್ರದ ಹುಣ್ಣಿಮೆಗೆ ಕಟ್ಟುಬಿದ್ದು ಚಾಂದ್ರಮಾನದ ಹಬ್ಬವೇ ಆಗಿಬಿಟ್ಟಿದೆ. ಮಹಾಶಿವರಾತ್ರಿಯ ಬೆನ್ನಿಗೇ ಕಾವೇರಿಪಟ್ಟಣ ಮತ್ತು ಕೃಷ್ಣಗಿರಿಯಲ್ಲಿ ನಡೆಯುವ ಮಯಾನ ಕೊಳ್ಳೈ, ಅಂದರೆ ಅಂಗಾಳಮ್ಮನ ವೇಷಧಾರಿಗಳು ಸ್ಮಶಾನಕ್ಕೆ ನುಗ್ಗುವ ಆಚರಣೆ, ಕೆಳಗಿನ ಸೀಮೆಯ ಮತ್ತೊಂದು ಗುರುತು. ಆಡಿ ತಿಂಗಳ 18ರಂದು ಹೊಳೆಗೆ ಪೂಜೆ ಮಾಡುವ ಆಡಿಪ್ಪೆರುಕ್ಕು ಹಬ್ಬವಂತೂ ಶುದ್ಧ ಸೌರಮಾನದ್ದು. ಅದು ಕಾವೇರಿ ಮತ್ತು ದಕ್ಷಿಣ ಪಿನಾಕಿನಿಯ ದಡಗಳ ಹಬ್ಬ, ಕೆರೆಯನ್ನು ನಂಬಿ ಬದುಕಿದ ಹೊಸೂರಿನ ಹಬ್ಬವಲ್ಲ.

ಕೆಳಗಿನ ಸೀಮೆಯ ಆಚರಣೆಗಳು ಹಿಂದೂ ಗುಡಿಗಳಿಗಷ್ಟೇ ಸೀಮಿತವಲ್ಲ. ಕೃಷ್ಣಗಿರಿಯ ದುರ್ಗದ ಬೆಟ್ಟವನ್ನು ಜನ ಅಲ್ಲಿನ ದರ್ಗಾದ ಸಂತನ ಹೆಸರಿನಿಂದ ಸೈಯದ್ ಬಾಷಾ ಬೆಟ್ಟವೆಂದೇ ಕರೆಯುತ್ತಾರೆ. ಈ ಭಾಗದ ಕ್ಯಾಥೊಲಿಕ್ ಹಳ್ಳಿಗಳಲ್ಲಿ ಮಾತೆ ಮರಿಯಮ್ಮನ ಪ್ರತಿಮೆಯನ್ನು ದೀಪಾಲಂಕೃತ ತೇರಿನಲ್ಲಿ ಮೆರೆಸುತ್ತಾರೆ.

ಮೇಲಿನವರಿಗೂ ಕೆಳಗಿನವರಿಗೂ ಸಮಾನವಾದುದು ದನದ ಹಬ್ಬ. ಸಂಕ್ರಾಂತಿಯಿಂದ ಸುಮಾರು ಎರಡು ತಿಂಗಳು ಹಳ್ಳಿಯಿಂದ ಹಳ್ಳಿಗೆ ಸಾಗುವ ಎತ್ತು ಬಿಡುವ ಹಬ್ಬದಲ್ಲಿ, ಸಿಂಗರಿಸಿದ ಹೋರಿಗಳ ಕೊಂಬಿಗೆ ಬಹುಮಾನ ಕಟ್ಟಿದ ತಟ್ಟಿಗಳನ್ನು ಬಿಗಿದು ಜನರ ನಡುವಿನ ಓಣಿಯಲ್ಲಿ ಓಡಿಸಿ, ಅವನ್ನು ಕಿತ್ತುಕೊಳ್ಳಲು ಯುವಕರು ಮುಗಿಬೀಳುತ್ತಾರೆ. ಹಳ್ಳಿಕಾರ್, ಆಲಂಬಾಡಿ ತಳಿಗಳಿಗೆ ಹೆಸರಾದ ಈ ಸೀಮೆಯಲ್ಲಿ ಕಂಪನಿ 1824ರಲ್ಲಿ ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಸೈನ್ಯದ ಕುದುರೆಗಳಿಗಾಗಿ ತೆರೆದ ಕೇಂದ್ರವೇ ಮುಂದೆ ಸರ್ಕಾರಿ ಜಾನುವಾರು ಫಾರಂ ಆಯಿತು. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪು ಹೋರಿಯ ಆಟಗಳನ್ನು ನಿಷೇಧಿಸಿದಾಗ ಹೊರಗಿನ ಪತ್ರಿಕೆಗಳು ಮಧುರೆಯ ಜಲ್ಲಿಕಟ್ಟಿನ ಬಗ್ಗೆಯಷ್ಟೇ ಬರೆದವು. ಹೊಸೂರಿನ ಎತ್ತು ಬಿಡುವ ಹಬ್ಬವೂ ಅದೇ ಬಲೆಗೆ ಬಿದ್ದಿತ್ತು. 2017ರ ರಾಜ್ಯ ತಿದ್ದುಪಡಿಯ ನಂತರ ಹಬ್ಬ ಮರಳಿದರೂ ಪ್ರತಿ ಹಳ್ಳಿಯೂ ಜಿಲ್ಲಾಡಳಿತದ ಅನುಮತಿ ಪಡೆಯಬೇಕಾಯಿತು. 2023ರ ಫೆಬ್ರವರಿ 2ರಂದು ಹೊಸೂರಿನ ಬಳಿಯ ಗೋಪಸಂದ್ರದಲ್ಲಿ ಅನುಮತಿ ತಡವಾದುದಕ್ಕೆ ಸಿಟ್ಟಿಗೆದ್ದ ಜನ ಬೆಂಗಳೂರು–ಕೃಷ್ಣಗಿರಿ ಹೆದ್ದಾರಿಯನ್ನು ಗಂಟೆಗಟ್ಟಲೆ ತಡೆದು ಕಲ್ಲು ತೂರಿದರು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು ಅದೇ ವರ್ಷದ ಮೇ 18ರಂದು.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದರಾಸಿನಲ್ಲೇ ಉಳಿಯಿತು. ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುವ ತಾಲ್ಲೂಕನ್ನು ಯಾವ ಕಡೆಗೆ ಸೇರ್ಪಡೆ ಮಾಡಿದ್ದರೂ ಇಬ್ಬರಿಗೆ ಅನ್ಯಾಯವಾಗುತ್ತಿತ್ತೆಂಬ ಮಾತಿನಲ್ಲಿ ಹುರುಳಿದೆ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ ತಮಿಳುನಾಡಿನ ಎಲ್ಲ ಜಿಲ್ಲೆಗಳಿಂದ ಕಾರ್ಮಿಕರು ಬಂದು ನೆಲೆಸಿದರು. ಅವರೊಡನೆ ಬಯಲಿನ ಪೊಂಗಲ್, ಪಂಗುನಿ ಉತ್ತಿರಂ, ಕಾವಡಿಗಳೂ ಘಟ್ಟ ಹತ್ತಿದವು. ಆದರೂ ಯುಗಾದಿ ಹೊಸೂರಿನಲ್ಲಿ ಊರ ಹಬ್ಬವಾಗಿಯೇ ಉಳಿದಿದೆ, ಮರುದಿನದ ಹೊಸತೊಡಕಿನ ಬಾಡೂಟವೂ ಅದರೊಡನೆ. ತಮಿಳು ಹೊಸ ವರ್ಷವನ್ನು 2008ರ ಒಂದು ಕಾನೂನು ತೈ ತಿಂಗಳಿಗೆ ಸರಿಸಿ, 2011ರಲ್ಲಿ ಮತ್ತೊಂದು ಸರ್ಕಾರ ಅದನ್ನು ಚಿತ್ತಿರೈಗೆ ಮರಳಿಸಿದ ಅವಧಿಯಲ್ಲಿಯೂ ಈ ಸೀಮೆಯ ಬೇವುಬೆಲ್ಲದ ದಿನ ಕದಲಲಿಲ್ಲ. ತಮಿಳುನಾಡು ಸರ್ಕಾರದ ರಜಾಪಟ್ಟಿಯಲ್ಲಿ ಆ ದಿನಕ್ಕೆ ಬಿಡುವುಂಟು, ಆದರೆ ಅಲ್ಲಿ ಅದರ ಹೆಸರು ತೆಲುಗು ಹೊಸ ವರ್ಷದ ದಿನ ಎಂದಿದೆ. ಕನ್ನಡಿಗರ ಯುಗಾದಿಗೆ ಪಟ್ಟಿಯಲ್ಲಿ ಹೆಸರಿಲ್ಲ.

ಚಂದ್ರಚೂಡೇಶ್ವರನ ತೇರಿಗೆ ಕೃಷ್ಣಗಿರಿ ಜಿಲ್ಲಾಡಳಿತವು ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಸ್ಥಳೀಯ ರಜೆ ಘೋಷಿಸಿ, ಅದಕ್ಕೆ ಬದಲಾಗಿ ಒಂದು ಶನಿವಾರವನ್ನು ಕೆಲಸದ ದಿನವೆಂದು ಗೊತ್ತುಮಾಡುತ್ತದೆ. ಆನೇಕಲ್ ತಾಲ್ಲೂಕಿನವರು ಅದೇ ತೇರಿಗೆ ತಮ್ಮ ಸ್ವಂತ ರಜೆ ಹಾಕಿ ಬರಬೇಕು.